ಟೀವಿ ದುಡ್ಡಿನ ಹಿಂದೆಯೇ ಬಂದ ವಿಮಾನದ ಬಿಲ್ಲು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾಪುಟದಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳ ಬಗ್ಗೆ ಒಂದು ಲೇಖನ ಬಂದಿತ್ತು. ಯಾವ ಕಾಲೇಜು ಯಾವ ಕಾನ್ಫರೆನ್ಸ್‌ಗೆ ಹಾರಿತು, ಅಲ್ಲಿ ಅದಕ್ಕೆ ವರ್ಷಕ್ಕೆ ಎಷ್ಟು ಕೋಟಿ ಡಾಲರ್ ಸಿಗುತ್ತದೆ ಎಂಬ ಪಟ್ಟಿಯೂ ಇತ್ತು. ಓದಿ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಯಾಕೆಂದರೆ ಆ ಪಟ್ಟಿಯಲ್ಲಿ ಇಲ್ಲದ ಲೆಕ್ಕವೆಲ್ಲ ದಿನಾ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ.

ನಾನು ಇಲ್ಲಿ ಪಶ್ಚಿಮ ತೀರದ ಒಂದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಆಟಗಾರ್ತಿಯೂ ಅಲ್ಲ, ಕೋಚೂ ಅಲ್ಲ. ತಂಡಗಳ ಪ್ರಯಾಣದ ಲೆಕ್ಕ ನೋಡುವವಳು. ವಿಮಾನದ ಟಿಕೆಟ್, ಬಸ್ಸು, ಹೋಟೆಲ್ ರೂಮು, ಹುಡುಗಿಯರ ಊಟದ ಭತ್ಯೆ, ಲಗೇಜಿನ ದಂಡ, ಎಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಹದಿನಾರು ವರ್ಷದಿಂದ ಇದೇ ಕೆಲಸ. ನಮ್ಮ ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ, ಇನ್ನೂ ಕೆಲವು ವರ್ಷ ಸಂಬಳ ಬೇಕು. ಅದೂ ಹಳೆಯ ಕಾನ್ಫರೆನ್ಸ್ ಬಿಟ್ಟು ದೂರದ ಕಾನ್ಫರೆನ್ಸ್ ಸೇರಿದ ಶಾಲೆಗಳಲ್ಲಿ ಒಂದು ಎಂದರೆ ಸಾಕು.

ಕಾನ್ಫರೆನ್ಸ್ ಅಂದರೆ ಇಲ್ಲಿ ಸಭೆ ಅಲ್ಲ. ತಮ್ಮತಮ್ಮಲ್ಲೇ ಆಡಿಕೊಳ್ಳುವ ಕಾಲೇಜುಗಳ ಒಂದು ಗುಂಪು. ಮೊದಲೆಲ್ಲ ಅದು ಅಕ್ಕಪಕ್ಕದ ಊರುಗಳ ಗುಂಪೇ ಆಗಿತ್ತು. ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ಆಡಿ ಬರುವಷ್ಟು ದೂರ. 1896ರಲ್ಲಿ ಹುಟ್ಟಿದ ಬಿಗ್ ಟೆನ್ ಮಧ್ಯಪಶ್ಚಿಮದ ಗುಂಪು. 1915ರಲ್ಲಿ ಬೇರುಬಿಟ್ಟು ಕೊನೆಗೆ ಪ್ಯಾಕ್-12 ಎಂದಾದದ್ದು ಪಶ್ಚಿಮದ ಗುಂಪು. ಹೆಸರೇ ಊರು ಹೇಳುತ್ತಿತ್ತು. ಈಗ ಬಿಗ್ ಟೆನ್‌ನಲ್ಲಿ ಹದಿನೆಂಟು ಶಾಲೆಗಳಿವೆ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇವೆ. ಲೆಕ್ಕ ಬರೆಯುವವಳಾದ ನನಗೆ ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿಲ್ಲ.

ಇದೆಲ್ಲ ಶುರುವಾದದ್ದು ಟೀವಿಯಿಂದ. 1984ರವರೆಗೆ ಕಾಲೇಜು ಫುಟ್‌ಬಾಲ್ ಪಂದ್ಯಗಳನ್ನು ಟೀವಿಗೆ ಮಾರುವ ಹಕ್ಕು ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿತ್ತು. ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕನ್ ಫುಟ್‌ಬಾಲ್. ಆ ವರ್ಷ ಸುಪ್ರೀಂ ಕೋರ್ಟ್ ಈ ಹಿಡಿತ ತಪ್ಪೆಂದು 7-2ರ ತೀರ್ಪು ಕೊಟ್ಟಿತು. ಶಾಲೆಗಳು, ಕಾನ್ಫರೆನ್ಸ್‌ಗಳು ತಾವೇ ಮಾರಿಕೊಳ್ಳುವ ಹಾಗಾಯಿತು. ಬೇಡ ಎಂದು ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ತಮ್ಮ ಕಾಲೇಜು ದಿನಗಳಲ್ಲಿ ಕೊಲೊರಾಡೊದ ಹೆಸರಾಂತ ಫುಟ್‌ಬಾಲ್ ಆಟಗಾರ. ಆಟ ಆಡಿ ಗೊತ್ತಿದ್ದವರೇ ಬೇಡ ಅಂದದ್ದು ನೋಡಿ.

ಹಕ್ಕು ಕೈಗೆ ಬಂದ ಮೇಲೆ ದೊಡ್ಡ ಊರು, ಜಾಸ್ತಿ ನೋಡುಗರು ಇರುವ ಶಾಲೆಗಳನ್ನು ಸೇರಿಸಿಕೊಳ್ಳುವ ಪೈಪೋಟಿ. 2022ರ ಜೂನ್ 30ರಂದು ಪ್ಯಾಕ್-12ನಲ್ಲಿದ್ದ ಲಾಸ್ ಏಂಜಲೀಸಿನ ಎರಡೂ ಶಾಲೆಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ಬಿಗ್ ಟೆನ್‌ಗೆ ಹೋಗುತ್ತೇವೆ ಎಂದವು. ಆಗಸ್ಟ್‌ನಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಚಾನೆಲ್‌ಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ದಾಟುವ ಒಪ್ಪಂದ ಮಾಡಿಕೊಂಡಿತು. ಮುಂದಿನ ವರ್ಷ ಜುಲೈನಲ್ಲಿ ಕೊಲೊರಾಡೊ ಬಿಗ್ 12 ಎಂಬ ಇನ್ನೊಂದು ಕಾನ್ಫರೆನ್ಸ್‌ಗೆ ಹೊರಟಿತು. 2023ರ ಆಗಸ್ಟ್ 4, ಶುಕ್ರವಾರ. ಬೆಳಿಗ್ಗೆ ಆಫೀಸಿಗೆ ಬಂದಾಗ ಪ್ಯಾಕ್-12ನಲ್ಲಿ ಉಳಿದವರು ಒಂಬತ್ತು. ಸಂಜೆ ಮನೆಗೆ ಹೋಗುವ ಹೊತ್ತಿಗೆ ನಾಲ್ಕು. ಒರೆಗಾನ್, ವಾಷಿಂಗ್ಟನ್ ಬಿಗ್ ಟೆನ್‌ಗೆ. ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಗೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಬರ್ಕ್ಲಿಯೂ ಅಟ್ಲಾಂಟಿಕ್ ಕೋಸ್ಟ್‌ಗೆ ಹೋದವು. ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎಂಬ ಎರಡೇ ಶಾಲೆ ಉಳಿದವು. ನೂರು ವರ್ಷ ದಾಟಿದ ಮನೆ ಖಾಲಿ.

ಇಷ್ಟು ನಿಮ್ಮ ಲೇಖನದಲ್ಲೂ ಇತ್ತು. ಇಲ್ಲದ್ದನ್ನು ಹೇಳುತ್ತೇನೆ.

ಹಳೆಯ ಕಾನ್ಫರೆನ್ಸ್‌ನಲ್ಲಿ 'ಟ್ರಾವೆಲ್ ಪಾರ್ಟ್ನರ್' ಅನ್ನುವ ಒಂದು ಏರ್ಪಾಡಿತ್ತು. ಶಾಲೆಗಳು ಜೋಡಿ ಜೋಡಿ. ಯುಎಸ್‌ಸಿ–ಯುಸಿಎಲ್‌ಎ, ಸ್ಟ್ಯಾನ್‌ಫರ್ಡ್–ಬರ್ಕ್ಲಿ, ಎರಡು ಅರಿಜೋನಾ, ಎರಡು ಒರೆಗಾನ್, ಎರಡು ವಾಷಿಂಗ್ಟನ್, ಯೂಟಾ–ಕೊಲೊರಾಡೊ. ವಾಲಿಬಾಲ್ ತಂಡ ಗುರುವಾರ ಹೊರಟರೆ ಶುಕ್ರವಾರ ಒಂದು ಶಾಲೆಯಲ್ಲಿ ಆಟ, ಭಾನುವಾರ ಅದರ ಜೋಡಿಯಲ್ಲಿ ಆಟ, ಅದೇ ರಾತ್ರಿ ಮನೆ. ಒಂದು ವಿಮಾನ, ಎರಡು ಪಂದ್ಯ. ಒರೆಗಾನ್‌ನಿಂದ ಒರೆಗಾನ್ ಸ್ಟೇಟ್‌ಗೆ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಯುಸಿಎಲ್‌ಎ, ಯುಎಸ್‌ಸಿ ಒಂದೇ ಊರಿನಲ್ಲಿ, ಹೋಟೆಲ್ ಕೂಡ ಬದಲಿಸಬೇಕಿರಲಿಲ್ಲ. ಸೋಮವಾರ ಬೆಳಿಗ್ಗೆ ಹುಡುಗಿಯರು ಕ್ಲಾಸಿನಲ್ಲಿ ಇರುತ್ತಿದ್ದರು. ಇಡೀ ವರ್ಷದ ಪ್ರಯಾಣವನ್ನು ಬೇಸಿಗೆ ರಜೆಯಲ್ಲೇ ಕೂತು ಮುಗಿಸುತ್ತಿದ್ದೆ. ಯಾರು ಬುದ್ಧಿವಂತರು ಈ ಜೋಡಿ ಲೆಕ್ಕ ಕಂಡುಹಿಡಿದರೋ, ಅವರಿಗೆ ಕೈ ಮುಗಿಯಬೇಕು.

ಈಗಿನ ಒಂದು ಪ್ರಯಾಣ ಕೇಳಿ. ಕಳೆದ ಸೀಸನ್ನಿನ ವಾಲಿಬಾಲ್ ತಂಡದ್ದು. ಆಟಗಾರ್ತಿಯರು, ಕೋಚ್‌ಗಳು, ಫಿಸಿಯೋ, ವಿಡಿಯೋ ಹುಡುಗ ಎಲ್ಲ ಸೇರಿ ಇಪ್ಪತ್ತಮೂರು ಜನ. ಫುಟ್‌ಬಾಲ್ ತಂಡಕ್ಕೆ ಬಾಡಿಗೆ ವಿಮಾನ ಬರುತ್ತದೆ. ಇವರಿಗೆ ಮಾಮೂಲಿ ವಿಮಾನ. ನಮ್ಮೂರಿನಿಂದ ಪೂರ್ವದ ಆ ಊರಿಗೆ ನೇರ ವಿಮಾನ ಇಲ್ಲ, ನಡುವೆ ಒಂದು ಕಡೆ ಇಳಿದು ಹತ್ತಬೇಕು. ಇಪ್ಪತ್ತಮೂರು ಸೀಟು ಒಂದೇ ವಿಮಾನದಲ್ಲಿ ಸಿಗಲಿಲ್ಲ. ಎರಡು ಗುಂಪು ಮಾಡಿದೆ. ಒಂದೊಂದು ಗುಂಪಿನಲ್ಲೂ ಒಬ್ಬ ಕೋಚ್ ಇರಬೇಕು, ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಇಬ್ಬರು ಸೆಟ್ಟರ್‌ಗಳು ಒಂದೇ ವಿಮಾನದಲ್ಲಿ ಇರಬಾರದು. ಒಂದು ವಿಮಾನ ತಡವಾದರೂ ಆಟ ನಿಲ್ಲಬಾರದಲ್ಲ. ಚೆಂಡಿನ ಚೀಲ, ಔಷಧದ ಪೆಟ್ಟಿಗೆ 50 ಪೌಂಡ್ ದಾಟಿದರೆ ಲಗೇಜಿಗೆ ದಂಡ. ಫಿಸಿಯೋ ಪೆಟ್ಟಿಗೆ ಪ್ರತಿ ಸಲ ಎರಡು ಪೌಂಡ್ ಜಾಸ್ತಿ ತೂಗುತ್ತದೆ, ಯಾಕೆ ಎಂದು ದೇವರಿಗೇ ಗೊತ್ತು.

ಬುಧವಾರ ಬೆಳಗಿನ ಜಾವ ಹೊರಟರು. ಅಲ್ಲಿಯ ಗಡಿಯಾರ ನಮಗಿಂತ ಮೂರು ಗಂಟೆ ಮುಂದೆ. ಹಾಗಾಗಿ ಇಲ್ಲಿ ಬೆಳಿಗ್ಗೆ ಹತ್ತಿದವರು ಅಲ್ಲಿ ಇಳಿಯುವಾಗ ಸಂಜೆ. ಶುಕ್ರವಾರ ರಾತ್ರಿ ಆಟ. ಐದನೇ ಸೆಟ್‌ವರೆಗೂ ಹೋಯಿತು. ಎರಡನೇ ಪಂದ್ಯ ಇನ್ನೊಂದು ರಾಜ್ಯದಲ್ಲಿ, ಬಸ್ಸಿನಲ್ಲಿ ಐದು ಗಂಟೆ. ಸೋಮವಾರ ಮಧ್ಯಾಹ್ನ ಮನೆ ಸೇರಿದರು. ಆರು ದಿನ, ಎರಡು ಪಂದ್ಯ, ನಾಲ್ಕು ದಿನದ ಕ್ಲಾಸು ಹೋಯಿತು.

ಆ ಪ್ರಯಾಣದಲ್ಲಿ ಒಬ್ಬಳಿಗೆ ರಸಾಯನಶಾಸ್ತ್ರದ ಪರೀಕ್ಷೆ ಇತ್ತು. ಹೋಟೆಲಿನಲ್ಲೇ ಬರೆಯಬೇಕು, ಯಾರಾದರೂ ಎದುರು ಕೂತು ಕಾವಲು ಕಾಯಬೇಕು. ತಂಡದ ಜೊತೆ ಪಾಠ ನೋಡಿಕೊಳ್ಳುವ ಸಿಬ್ಬಂದಿ ಹೋಗಿರಲಿಲ್ಲ, ಖರ್ಚು ಕಡಿಮೆ ಮಾಡಲು ಆ ಸೀಟು ತೆಗೆದಿದ್ದರು. ತೆಗೆದವಳು ನಾನೇ, ಮೇಲಿನವರು ಹೇಳಿದ ಮೇಲೆ. ಕೊನೆಗೆ ಸಹಾಯಕ ಕೋಚ್ ತಿಂಡಿಯ ಕೋಣೆಯ ಮೂಲೆಯಲ್ಲಿ ಅವಳನ್ನು ಕೂರಿಸಿ, ಮೊಬೈಲಿನಲ್ಲಿ ಟೈಮರ್ ಹಾಕಿ, ತಾನೂ ಎದುರು ಕೂತಳಂತೆ. ಪಕ್ಕದಲ್ಲಿ ಯಾರೋ ದೋಸೆಕಲ್ಲಿನಂಥ ಯಂತ್ರದಲ್ಲಿ ವಾಫಲ್ ಮಾಡಿಕೊಳ್ಳುತ್ತಿದ್ದರು, ಎರಡು ನಿಮಿಷಕ್ಕೊಮ್ಮೆ ಅದು ಕೂಗುತ್ತಿತ್ತು. ಹುಡುಗಿ ವಾಪಸ್ ಬಂದ ಮೇಲೆ ಬಿಲ್ಲಿಗೆ ಸಹಿ ಹಾಕಲು ನನ್ನ ಹತ್ತಿರ ಬಂದಳು. 'ಹೇಗಾಯಿತಮ್ಮಾ ಪರೀಕ್ಷೆ?' ಎಂದು ಕೇಳಿದೆ. 'ವಾಫಲ್ ವಾಸನೆ ಬಂದರೆ ಈಗಲೂ ಸಮೀಕರಣ ಮರೆತು ಹೋಗುತ್ತೆ' ಅಂದಳು. ನಕ್ಕೆವು. ಅವಳು ಮೆಡಿಕಲ್ ಓದಬೇಕು ಅಂದುಕೊಂಡಿರುವ ಹುಡುಗಿ.

ಎನ್‌ಸಿಎಎ ನಿಯಮದ ಪ್ರಕಾರ ಸೀಸನ್ನಿನಲ್ಲಿ ಆಟಕ್ಕೆಂದು ವಾರಕ್ಕೆ 20 ಗಂಟೆಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಒಳ್ಳೆಯ ನಿಯಮ, ಅಲ್ವಾ? ಆದರೆ ಪಂದ್ಯದ ದಿನ ಎಷ್ಟೇ ಹೊತ್ತು ಹಿಡಿದರೂ ಮೂರು ಗಂಟೆ ಎಂದೇ ಲೆಕ್ಕ. ಪ್ರಯಾಣದ ಸಮಯ ಲೆಕ್ಕಕ್ಕೇ ಇಲ್ಲ. ಅಂದರೆ ವಿಮಾನ ನಿಲ್ದಾಣದ ನೆಲದ ಮೇಲೆ ಬ್ಯಾಗಿಗೆ ತಲೆ ಕೊಟ್ಟು ಮಲಗಿದ ಏಳು ಗಂಟೆ ಕಾಗದದ ಮೇಲೆ ಬಿಡುವಿನ ಸಮಯ. ಲಾಸ್ ಏಂಜಲೀಸಿನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ಸುಮಾರು 4,000 ಕಿಲೋಮೀಟರ್. ಈಗ ಎರಡೂ ಒಂದೇ ಕಾನ್ಫರೆನ್ಸ್.

ಇದರಲ್ಲಿ ಫುಟ್‌ಬಾಲಿಗೆ ಅಂಥ ತೊಂದರೆ ಏನಿಲ್ಲ. ಅವರಿಗೆ ವಾರಕ್ಕೆ ಒಂದೇ ಪಂದ್ಯ, ಅದೂ ಬಹುಪಾಲು ಶನಿವಾರ. ಕಾನ್ಫರೆನ್ಸಿನ ಒಂಬತ್ತು ಪಂದ್ಯದಲ್ಲಿ ಹೊರ ಊರಿನವು ನಾಲ್ಕೋ ಐದೋ. ಟೀವಿ ದುಡ್ಡು ಬರುವುದು ಮುಖ್ಯವಾಗಿ ಅವರಿಂದ, ಸ್ವಲ್ಪ ಬಾಸ್ಕೆಟ್‌ಬಾಲಿನಿಂದ. ಆದರೆ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ವಾಲಿಬಾಲ್, ಸಾಫ್ಟ್‌ಬಾಲ್, ಬೇಸ್‌ಬಾಲ್, ಸಾಕರ್, ಟೆನಿಸ್ ಎಲ್ಲವೂ ಅದೇ ನಕ್ಷೆ ಹಿಡಿದು ಓಡಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಎತ್ತಿಗಾದರೂ ಜ್ವರ ಬಂದಿತ್ತು, ಇಲ್ಲಿ ಎತ್ತು ಚೆನ್ನಾಗಿಯೇ ಇದೆ.

ಬರುವ ದುಡ್ಡಿನ ಮಾತಿಗೂ ಬರೋಣ. ನಿಮ್ಮ ಪಟ್ಟಿಯಲ್ಲಿ ಬಿಗ್ ಟೆನ್ ಶಾಲೆಗಳೆಲ್ಲ ಒಂದೇ ಸಮ ಎಂಬ ಹಾಗೆ ಬರೆದಿದ್ದಿರಿ. ಹಾಗಿಲ್ಲ. ಒರೆಗಾನ್, ವಾಷಿಂಗ್ಟನ್ ಒಪ್ಪಿಕೊಂಡದ್ದು ಮೊದಲ ವರ್ಷಕ್ಕೆ ಸುಮಾರು 3 ಕೋಟಿ ಡಾಲರ್, ಆಮೇಲೆ ವರ್ಷಕ್ಕೆ 10 ಲಕ್ಷ ಏರಿಕೆ. ಹಳೆಯ ಸದಸ್ಯರ ಪಾಲಿನ ಹೆಚ್ಚುಕಡಿಮೆ ಅರ್ಧ. ಸ್ಟ್ಯಾನ್‌ಫರ್ಡ್, ಬರ್ಕ್ಲಿಗೆ ಏಳು ವರ್ಷ ಟೀವಿ ಪಾಲಿನ ಶೇಕಡ 30 ಮಾತ್ರ. ಅವರ ಜೊತೆಗೇ ಸೇರಿದ ಡಲ್ಲಾಸಿನ ಎಸ್‌ಎಂಯು ಒಂಬತ್ತು ವರ್ಷ ಟೀವಿ ಪಾಲೇ ಬೇಡ ಎಂದಿತು. ಅದಕ್ಕೆ ಶ್ರೀಮಂತ ಹಳೆ ವಿದ್ಯಾರ್ಥಿಗಳಿದ್ದಾರೆ, ಒಂದೇ ವಾರದಲ್ಲಿ 10 ಕೋಟಿ ಡಾಲರ್ ಕೂಡಿಸಿಕೊಟ್ಟರು. ಎಲ್ಲರಿಗೂ ಅಂಥ ನೆಂಟರಿರುತ್ತಾರಾ? ಪಾಲು ಅರ್ಧ ಇದ್ದರೂ ವಿಮಾನದವರು ಟಿಕೆಟ್ ಅರ್ಧಕ್ಕೆ ಕೊಡುವುದಿಲ್ಲ.

ಮನೆ ಬಿಟ್ಟು ಹೋಗುವುದಕ್ಕೂ ದುಡ್ಡು. ಟೆಕ್ಸಸ್, ಒಕ್ಲಹೋಮಾ ಬಿಗ್ 12 ಬಿಟ್ಟು ಒಂದು ವರ್ಷ ಮೊದಲೇ ಎಸ್‌ಇಸಿ ಎಂಬ ಕಾನ್ಫರೆನ್ಸ್‌ಗೆ ಹೋಗಲು ಇಬ್ಬರೂ ಸೇರಿ 10 ಕೋಟಿ ಡಾಲರ್ ಬಿಟ್ಟುಕೊಟ್ಟರು. ಮೇರಿಲ್ಯಾಂಡ್ 2012ರಲ್ಲಿ ಬಿಗ್ ಟೆನ್‌ಗೆ ಹೋಗುತ್ತೇನೆ ಎಂದಾಗ ಅದರ ಹಳೆಯ ಕಾನ್ಫರೆನ್ಸ್ ಸುಮಾರು 5.2 ಕೋಟಿ ಕೇಳಿ ಕೋರ್ಟಿಗೆ ಹೋಯಿತು, 3.14 ಕೋಟಿಗೆ ರಾಜಿಯಾಯಿತು. ಅದೇ ಮೇರಿಲ್ಯಾಂಡ್ 2012ರಲ್ಲಿ ದುಡ್ಡಿಲ್ಲ ಎಂದು ಏಳು ತಂಡಗಳನ್ನು ಮುಚ್ಚಿತ್ತು. ಯುಸಿಎಲ್‌ಎ ಕಥೆ ಇನ್ನೂ ಚೆನ್ನಾಗಿದೆ. ಯುಸಿಎಲ್‌ಎ, ಬರ್ಕ್ಲಿ ಎರಡೂ ಕ್ಯಾಲಿಫೋರ್ನಿಯಾ ಸರ್ಕಾರಿ ವಿಶ್ವವಿದ್ಯಾಲಯದ ಮಕ್ಕಳು. ತಮ್ಮ ಹೊರಟುಹೋಗಿದ್ದರಿಂದ ಅಣ್ಣನಿಗೆ ನಷ್ಟವಾಯಿತು ಎಂದು ಆಡಳಿತ ಮಂಡಳಿ 2024ರಲ್ಲಿ ಯುಸಿಎಲ್‌ಎಗೆ ಮೂರು ವರ್ಷ, ವರ್ಷಕ್ಕೆ 1 ಕೋಟಿ ಡಾಲರ್ ಬರ್ಕ್ಲಿಗೆ ಕೊಡು ಎಂದಿತು. ಜನ ಇದಕ್ಕೆ 'ಕ್ಯಾಲಿಮನಿ' ಎಂದು ಹೆಸರಿಟ್ಟರು. ಗಂಡ ಬಿಟ್ಟ ಮೇಲೆ ಕೊಡುವ ಜೀವನಾಂಶಕ್ಕೆ ಇಂಗ್ಲಿಷಿನಲ್ಲಿ ಅಲಿಮನಿ ಎನ್ನುತ್ತಾರಲ್ಲ, ಅದರಂತೆ.

ಯುಸಿಎಲ್‌ಎಯವರು ಸುಮ್ನೆ ದುರಾಸೆಗೆ ಬಿದ್ದು ಹೋದರು ಎಂದು ನಾನು ಹೇಳುವುದಿಲ್ಲ. ಅವರ ಕ್ರೀಡಾ ವಿಭಾಗದ ಮೇಲೆ 10 ಕೋಟಿ ಡಾಲರ್ ದಾಟಿದ ಕೊರತೆ ಇತ್ತು. ಹೋಗದಿದ್ದರೆ ಕೆಲವು ತಂಡಗಳನ್ನೇ ಮುಚ್ಚಬೇಕಾಗುತ್ತಿತ್ತು ಎಂಬ ಮಾತು ಅಲ್ಲಿಂದ ಬಂತು. ನಮ್ಮಲ್ಲೂ ಅದೇ ಮಾತು ಹೇಳಿದರು. ಸುಳ್ಳಲ್ಲ. ನಾನು ಲೆಕ್ಕ ನೋಡುವವಳು, ನನಗೆ ಗೊತ್ತು. 2025ರ ಜೂನ್ 6ರಂದು ಕೋರ್ಟ್ ಒಪ್ಪಿದ, ಆಟಗಾರರು ಹೂಡಿದ್ದ ಹೌಸ್ ಎಂಬ ಪ್ರಕರಣದ ರಾಜಿಯಿಂದ ಈಗ ಶಾಲೆಗಳು ಆಟಗಾರರಿಗೇ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ. ಆಡಿದ ಮಕ್ಕಳಿಗೆ ಸಿಗಲಿ, ಸಂತೋಷ. ಆದರೆ ಆ ದುಡ್ಡಿನ ದೊಡ್ಡ ಪಾಲು ಹೋಗುವುದು ಫುಟ್‌ಬಾಲಿಗೆ. ಅದನ್ನು ಹೊಂದಿಸಲು ಮೊದಲು ಕತ್ತರಿ ಬೀಳುವುದು ಎಲ್ಲಿ? ಹೋಟೆಲಿನಲ್ಲಿ ಇಬ್ಬರ ರೂಮಿಗೆ ಮೂವರು. ನೇರ ವಿಮಾನದ ಬದಲು ಎರಡು ಕಡೆ ಇಳಿದು ಹತ್ತುವ ವಿಮಾನ. ಪಾಠ ಹೇಳುವವರ ಸೀಟು.

ಪ್ಯಾಕ್-12ನಲ್ಲಿ ಉಳಿದುಹೋದ ಇಬ್ಬರ ಪಾಡನ್ನೂ ಹೇಳಬೇಕು. ಬಿಟ್ಟುಹೋದ ಹತ್ತು ಶಾಲೆಗಳು ರಾಜಿಯಲ್ಲಿ ಒಟ್ಟು 6.5 ಕೋಟಿ ಡಾಲರ್ ಬಿಟ್ಟುಕೊಟ್ಟವು. ಆದರೂ ವರ್ಷ ವರ್ಷ ಬರುತ್ತಿದ್ದ ದೊಡ್ಡ ಟೀವಿ ಪಾಲು ನಿಂತಿತು. ವಾಷಿಂಗ್ಟನ್ ಸ್ಟೇಟ್ 2025ರಲ್ಲಿ ಅಥ್ಲೆಟಿಕ್ಸ್ ತಂಡದಿಂದ ಎಸೆತ, ಜಿಗಿತದ ಸ್ಪರ್ಧೆಗಳನ್ನೇ ತೆಗೆದುಹಾಕಿತು. ಇನ್ನು ಮೇಲೆ ಹೆಚ್ಚಾಗಿ ದೂರದ ಓಟ ಮಾತ್ರ. ವಿಚಿತ್ರ ಅಂದರೆ ಇವೇ ಎರಡು ಶಾಲೆಗಳ ವಾಲಿಬಾಲ್ ಹುಡುಗಿಯರು ಎರಡು ವರ್ಷ ಪಶ್ಚಿಮ ತೀರದಲ್ಲೇ ಇರುವ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಅತಿಥಿಗಳಾಗಿ ಆಡಿದರು. ದುಡ್ಡಿಲ್ಲದವರು ಹತ್ತಿರದಲ್ಲೇ ಆಡಿ ರಾತ್ರಿ ತಮ್ಮ ಹಾಸಿಗೆಯಲ್ಲಿ ಮಲಗಿದರು, ದುಡ್ಡು ಬಂದವರು ವಿಮಾನ ನಿಲ್ದಾಣದಲ್ಲಿ ಮಲಗಿದರು.

ಪೆಟ್ಟು ತಿಂದವರೂ ಸುಮ್ಮನೆ ಕೂರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅವರು ಪಕ್ಕದ ಮೌಂಟನ್ ವೆಸ್ಟ್ ಕಾನ್ಫರೆನ್ಸಿನಿಂದ ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್ ಮುಂತಾದ ಐದು ಶಾಲೆಗಳನ್ನು ಎಳೆದುಕೊಂಡರು. ಎಳೆದುಕೊಂಡದ್ದಕ್ಕೆ 5.5 ಕೋಟಿ ಡಾಲರ್ ಕೊಡಿ ಎಂದು ಮೌಂಟನ್ ವೆಸ್ಟ್ ಕೇಳಿತು, ಅದು ಕೋರ್ಟಿಗೂ ಹೋಯಿತು. ಮೌಂಟನ್ ವೆಸ್ಟ್ ಹುಟ್ಟಿದ್ದಾದರೂ ಹೇಗೆ? 1996ರಲ್ಲಿ ಡಬ್ಲ್ಯುಎಸಿ ಎಂಬ ಕಾನ್ಫರೆನ್ಸ್ ಹದಿನಾರು ಶಾಲೆಗಳಿಗೆ ಬೆಳೆಯಿತು. ಹವಾಯಿಯಿಂದ ಒಕ್ಲಹೋಮಾದ ಟಲ್ಸಾವರೆಗೆ. ಎರಡೇ ವರ್ಷದಲ್ಲಿ ಎಂಟು ಶಾಲೆಗಳು ಸಾಕಪ್ಪಾ ಸಾಕು ಎಂದು ಹೊರಟು 1999ರಲ್ಲಿ ಮೌಂಟನ್ ವೆಸ್ಟ್ ಕಟ್ಟಿಕೊಂಡವು. ಪ್ರಯಾಣದ ಖರ್ಚು, ಹಳೆಯ ಎದುರಾಳಿಗಳು ದೂರವಾದ ಬೇಸರ, ಇವೇ ಆಗಿನ ದೂರುಗಳು. ಆ ಹದಿನಾರರಲ್ಲಿ ಎಸ್‌ಎಂಯು ಕೂಡ ಇತ್ತು ನೋಡಿ. ಅದೀಗ ಅಟ್ಲಾಂಟಿಕ್ ಕೋಸ್ಟ್‌ನಲ್ಲಿದೆ.

ದಾರಿ ಇಲ್ಲವಾ ಎಂದರೆ ಇದೆ. ಕಣ್ಣೆದುರೇ ಇದೆ. ನೋಟರ್ ಡೇಮ್ ಫುಟ್‌ಬಾಲಿನಲ್ಲಿ ಯಾವ ಕಾನ್ಫರೆನ್ಸನ್ನೂ ಸೇರಿಲ್ಲ, 1991ರಿಂದ ಎನ್‌ಬಿಸಿ ಜೊತೆ ಸ್ವಂತ ಒಪ್ಪಂದ. ಅದರ ಬೇರೆ ಬಹುತೇಕ ತಂಡಗಳು ಅಟ್ಲಾಂಟಿಕ್ ಕೋಸ್ಟ್‌ನಲ್ಲಿ, ಐಸ್ ಹಾಕಿ ಬಿಗ್ ಟೆನ್‌ನಲ್ಲಿ. ಒಂದೇ ಶಾಲೆ, ಮೂರು ದಾರಿ, ಆಕಾಶವೇನೂ ಬಿದ್ದಿಲ್ಲ. ಇನ್ನೂ ಹತ್ತಿರದ ಉದಾಹರಣೆ ವಾಟರ್ ಪೋಲೊ. ಅದನ್ನು ಆಡಿಸುವ ಶಾಲೆಗಳೇ ಕಡಿಮೆ, ಬಿಗ್ ಟೆನ್‌ನಲ್ಲೂ ಅಟ್ಲಾಂಟಿಕ್ ಕೋಸ್ಟ್‌ನಲ್ಲೂ ಅದಕ್ಕೆ ಜಾಗವಿಲ್ಲ. ಹಾಗಾಗಿ ಯುಎಸ್‌ಸಿ, ಯುಸಿಎಲ್‌ಎ, ಸ್ಟ್ಯಾನ್‌ಫರ್ಡ್, ಬರ್ಕ್ಲಿ ನಾಲ್ಕೂ ಪಶ್ಚಿಮದ ಎಂಪಿಎಸ್‌ಎಫ್ ಎಂಬ ಗುಂಪಿನಲ್ಲಿ ಇವತ್ತಿಗೂ ಒಟ್ಟಿಗೇ ಆಡುತ್ತವೆ. ಟೀವಿಯವರಿಗೆ ಬೇಡವಾದ ಆಟದ ಮಕ್ಕಳು ಹಳೆಯ ನೆರೆಹೊರೆಯಲ್ಲೇ ಆಡಿಕೊಂಡಿದ್ದಾರೆ.

ಯುಸಿಎಲ್‌ಎ ಫುಟ್‌ಬಾಲ್ ಕೋಚ್ ಆಗಿದ್ದ ಚಿಪ್ ಕೆಲ್ಲಿಯೇ 2023ರ ಡಿಸೆಂಬರ್‌ನಲ್ಲಿ ಫುಟ್‌ಬಾಲನ್ನು ಬೇರೆ ಮಾಡಿ, ಉಳಿದ ಆಟಗಳು ಹತ್ತಿರದವರ ಜೊತೆ ಇರಲಿ ಎಂದಿದ್ದರು. ನಮ್ಮ ಮೀಟಿಂಗಿನಲ್ಲಿ ನಾನೂ ಒಮ್ಮೆ ಇದನ್ನೇ ಕೇಳಿದೆ. ಟೀವಿಯವರ ಜೊತೆ ಮಾತಾಡುವಾಗ ಎಲ್ಲ ಆಟವೂ ಒಂದೇ ಪೊಟ್ಟಣದಲ್ಲಿ ಇರಬೇಕು, ಅವರ ಚಾನೆಲ್‌ಗೆ ವಾರದ ನಡುವೆ ತೋರಿಸಲೂ ಏನಾದರೂ ಬೇಕಲ್ಲ ಎಂದರು. ಆಮೇಲೆ ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ ಕ್ರೀಡಾಂಗಣದ ಹೊಸ ಸ್ಕೋರ್‌ಬೋರ್ಡ್.

ಸಂಪಾದಕರೇ, ಮುಂದಿನ ಸಲ ಆ ಪಟ್ಟಿ ಹಾಕುವಾಗ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ. ಬಿಟ್ಟುಬಂದದ್ದಕ್ಕೆ ಎಷ್ಟು ಕೊಟ್ಟರು, ಪಾಲು ಪೂರ್ತಿಯಾ ಅರ್ಧವಾ, ಪ್ರಯಾಣಕ್ಕೆ ಎಷ್ಟು ಜಾಸ್ತಿಯಾಯಿತು, ಯಾವ ತಂಡ ಮುಚ್ಚಿತು. ಸರ್ಕಾರಿ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಎನ್‌ಸಿಎಎಗೆ ಕೊಡುವ ಲೆಕ್ಕಪತ್ರ ಕೇಳಿದರೆ ಸಿಗುತ್ತದೆ. ಅದರಲ್ಲಿ ತಂಡಗಳ ಪ್ರಯಾಣಕ್ಕೇ ಒಂದು ಸಾಲು ಇದೆ. ಅಂಥ ಸಾಲನ್ನು ನಮ್ಮಲ್ಲಿ ತುಂಬುವವಳು ನಾನೇ. ಈ ವರ್ಷ ತುಂಬುವಾಗ ಮೂರು ಸಲ ಕೂಡಿಸಿದೆ, ತಪ್ಪಾಗಿದೆ ಅಂದುಕೊಂಡು. ಮೂರು ಸಲವೂ ಅಷ್ಟೇ ಬಂತು.

ಇತಿ,
ಅಮೆರಿಕದ ಪಶ್ಚಿಮ ತೀರದಿಂದ ನಿಮ್ಮ ಒಬ್ಬ ಓದುಗಿ
(ಕೆಲಸದ ಕಾರಣಕ್ಕೆ ದಯವಿಟ್ಟು ಹೆಸರು ಹಾಕಬೇಡಿ)